ಕಬ್ಬಿಣದ ವೈರಿ

ಅಕ್ಕ ಬದುಕಿದ್ದಷ್ಟು ದಿನ ಇದನ್ನು ಬರೆಯುವ ಹಾಗಿರಲಿಲ್ಲ. ಭಾವನಿಗೆ ಮಾತು ಕೊಟ್ಟಿದ್ದೆ. ನನ್ನಂಥ ಬಾಯಿಬಡುಕಿ ಒಂದು ವಿಷಯವನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು ಎಂದರೆ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಈಚೆಗೆ ಅಕ್ಕ ತೀರಿಕೊಂಡಳು. ಯಾರ ಕಿವಿಗೆ ಬೀಳಬಾರದು ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆನೋ ಅವಳೇ ಈಗಿಲ್ಲ. ಹಾಗಾಗಿ ನನ್ನ ಭಾವ ಎಂಥ ಮನುಷ್ಯ, ಅವರ ಕೊನೆಯ ಹರಳುಗಳಿಗೆ ಏನಾಯಿತು ಎಂಬುದನ್ನು ಹೇಳಿಬಿಡುತ್ತೇನೆ.

ಭಾವನ ಕೆಲಸ ಹರಳು ಬೆಳೆಸುವುದು. ನಾವಿಬ್ಬರೂ ದುಡಿಯುತ್ತಿದ್ದುದು ಒಂದೇ ಸಂಶೋಧನಾಲಯದಲ್ಲಿ, ಒಂದೇ ಉದ್ದನೆಯ ಓಣಿಯ ಎರಡು ತುದಿಗಳಲ್ಲಿ. ಆ ತುದಿಯಲ್ಲಿ ಅವರ ಕುಲುಮೆಗಳ ಕೋಣೆ. ಈ ತುದಿಯಲ್ಲಿ ನನ್ನದು. ನನ್ನ ಬಾಗಿಲ ಮೇಲೆ ಬೆಳಕಿನ ಕೋಣೆ ಎಂದು ಬೋರ್ಡು, ಒಳಗೆ ಹೋದರೆ ಹಾಡುಹಗಲೇ ಕಗ್ಗತ್ತಲು. ಲೇಸರ್ ಬೆಳಕನ್ನು ಹರಳಿನೊಳಗೆ ಹಾಯಿಸಿ ಅದು ಆ ಕಡೆಯಿಂದ ಹೇಗೆ ಹೊರಗೆ ಬರುತ್ತದೆ ಎಂದು ನೋಡುವುದು ನನ್ನ ಕೆಲಸ. ಅವರು ಬೆಳೆಸುವುದು, ನಾನು ಬೆಳಕಿಗೆ ಹಿಡಿದು ತಪ್ಪು ಹುಡುಕುವುದು. ನಾದಿನಿಗೆ ಹೇಳಿ ಮಾಡಿಸಿದ ಉದ್ಯೋಗ ಎಂದು ಭಾವ ಎಲ್ಲರ ಮುಂದೆಯೂ ಛೇಡಿಸುತ್ತಿದ್ದರು.

ಸತುವಿನ ಆಕ್ಸೈಡ್ ಎಂಬ ಬಿಳಿಯ ಪುಡಿಗೆ ಒಂದಿಷ್ಟೇ ಇಷ್ಟು ಮ್ಯಾಂಗನೀಸ್ ಬೆರೆಸುತ್ತಿದ್ದರು. ಅದನ್ನು ಕ್ವಾರ್ಟ್ಜ್ ಗಾಜಿನ ಕೊಳವೆಗೆ ತುಂಬಿ, ಒಳಗಿನ ಗಾಳಿಯನ್ನೆಲ್ಲ ಎಳೆದು, ಕೊಳವೆಯ ಬಾಯನ್ನು ಉರಿಯಲ್ಲಿ ಕರಗಿಸಿ ಮುಚ್ಚುತ್ತಿದ್ದರು. ಆಮೇಲೆ ಕುಲುಮೆಯಲ್ಲಿ ಮಲಗಿಸುವುದು. ಒಂದು ತುದಿಗೆ ಶಾಖ ಸ್ವಲ್ಪ ಹೆಚ್ಚು, ಇನ್ನೊಂದು ತುದಿಗೆ ಸ್ವಲ್ಪ ಕಡಿಮೆ. ಬಿಸಿ ತುದಿಯಲ್ಲಿ ಆವಿಯಾದದ್ದು ತಣ್ಣನೆಯ ತುದಿಗೆ ಹೋಗಿ ಕೂತು ಮೆಲ್ಲಗೆ ಹರಳಾಗುತ್ತದೆ. ಅವಸರ ಮಾಡಿದರೆ ಕೆಟ್ಟಿತು. ಹೀಗೆ ವಾರಗಟ್ಟಲೆ ಕಾದು ತೆಗೆದ ಹರಳನ್ನು ಸೀಳಿ, ಉಜ್ಜಿ, ಉಗುರಿನಷ್ಟು ತೆಳ್ಳಗಿನ ಬಿಲ್ಲೆ ಮಾಡುತ್ತಿದ್ದರು. ಬಿಲ್ಲೆಗೆ ಜೇನಿನ ಬಣ್ಣ. ಕಿಟಕಿಗೆ ಹಿಡಿದರೆ ಆಚೆಯ ಮರ ಕಾಣುತ್ತಿತ್ತು.

ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ಅವರು ಹೇಳುತ್ತಿದ್ದ ಉತ್ತರವನ್ನೇ ಹೇಳುತ್ತೇನೆ. ಎಲೆಕ್ಟ್ರಾನ್‌ಗೆ ವಿದ್ಯುತ್ತು ಹೊರುವುದಷ್ಟೇ ಕೆಲಸವಲ್ಲ, ಅದು ತಾನೇ ಒಂದು ಪುಟಾಣಿ ಆಯಸ್ಕಾಂತ. ಆದರೆ ನಮ್ಮ ರೇಡಿಯೋ, ಕಂಪ್ಯೂಟರಿನ ಒಳಗಿರುವಂಥ ಅರೆವಾಹಕದಲ್ಲಿ ಒಂದರ ಮುಖ ಮೇಲಕ್ಕೆ, ಇನ್ನೊಂದರದು ಕೆಳಕ್ಕೆ, ಒಟ್ಟಿನಲ್ಲಿ ಸಂತೆ. ಮ್ಯಾಂಗನೀಸಿನ ಪರಮಾಣುಗಳು ಬಲವಾದ ಆಯಸ್ಕಾಂತಗಳು. ಅವನ್ನು ನಡುನಡುವೆ ಕೂರಿಸಿದರೆ ಎಲೆಕ್ಟ್ರಾನ್‌ಗಳು ಅವುಗಳ ಮಾತಿಗೆ ಕಿವಿಗೊಟ್ಟು ಒಂದೇ ಕಡೆ ಮುಖ ಮಾಡುತ್ತವೆ. ತೊಂದರೆ ಏನೆಂದರೆ, ಹರಳನ್ನು ದ್ರವ ಹೀಲಿಯಮ್ಮಿನಲ್ಲಿ ಮುಳುಗಿಸಿ ಕೊರೆಯುವಷ್ಟು ತಣ್ಣಗೆ ಮಾಡಿದರೆ ಮಾತ್ರ ಈ ಶಿಸ್ತು. ಕೋಣೆಯ ಮಾಮೂಲು ಬಿಸಿಗೆ ಬಂದ ಕೂಡಲೇ ಮತ್ತೆ ಸಂತೆ. ಆಯಸ್ಕಾಂತ ದೂರ ಸರಿಸಿದ ಮೇಲೂ, ಮಾಮೂಲು ಬಿಸಿಯಲ್ಲೂ, ಶಿಸ್ತು ಬಿಡದ ಒಂದು ಹರಳನ್ನು ಬೆಳೆಸಬೇಕು ಎಂಬುದೊಂದೇ ಭಾವನ ಆಸೆ. ಜಗತ್ತಿನಲ್ಲಿ ಎಷ್ಟೋ ಜನಕ್ಕೆ ಆ ಆಸೆ ಇತ್ತು. ಇವರು ಅದಕ್ಕೇ ಜೀವ ತೇದರು.

ಅವರ ದೊಡ್ಡ ಶತ್ರು ಕಬ್ಬಿಣ. ಹರಳಿನ ಕಾಂತಗುಣ ಎಷ್ಟು ಸಣ್ಣದೆಂದರೆ ಕಣ್ಣಿಗೆ ಕಾಣದ ಕಬ್ಬಿಣದ ಧೂಳು ಒಂದಿಷ್ಟು ಅಂಟಿಕೊಂಡರೂ ಎಲ್ಲ ಅಳತೆ ಸುಳ್ಳಾಗುತ್ತದೆ. ಕುಲುಮೆ ಕೋಣೆಯ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ತಟ್ಟೆ ಇಟ್ಟಿದ್ದರು. ಬೀಗದ ಕೈ, ಕೈಗಡಿಯಾರ, ಬೆಲ್ಟು ಎಲ್ಲವನ್ನೂ ಅದರಲ್ಲಿ ಹಾಕಿಯೇ ಒಳಗೆ ಹೋಗಬೇಕು. ನನ್ನ ತಲೆಯ ಹೇರ್‌ಪಿನ್ನುಗಳನ್ನೂ ಬಿಟ್ಟವರಲ್ಲ. ಕೂದಲು ಕೆದರಿಕೊಂಡು ಒಳಗೆ ಹೋಗುವಾಗೆಲ್ಲ ನಾನು ಉರಿದು ಬೀಳುತ್ತಿದ್ದೆ.

"ನನ್ನ ಪಿನ್ನು ಹಾರಿ ಹೋಗಿ ನಿಮ್ಮ ಕೊಳವೆ ಒಳಗೆ ಬೀಳುತ್ತಾ ಭಾವ?"

"ಬೀಳಲ್ಲ ಅಂತ ಬರೆದುಕೊಡ್ತೀಯಾ? ತೆಗೆಯಮ್ಮ ಸುಮ್ಮನೆ."

ಬಿಲ್ಲೆ ಎತ್ತುವ ಚಿಮಟಗಳೂ ಪ್ಲಾಸ್ಟಿಕ್ಕಿನವು. ಓಣಿಯಲ್ಲಿ ಎಲ್ಲರೂ ಅವರನ್ನು ಕಬ್ಬಿಣದ ವೈರಿ ಎಂದೇ ಕರೆಯುತ್ತಿದ್ದರು. ಅವರಿಗೂ ಆ ಹೆಸರು ಇಷ್ಟವಿತ್ತು.

ಅಕ್ಕ ಈ ಯಾವುದಕ್ಕೂ ತಲೆ ಹಾಕಿದವಳಲ್ಲ. ಅವಳದು ಹೊಲಿಗೆ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಗೋಡೆಗೆ ನೇತು ಹಾಕಿದ ಅರ್ಧ ಹೊಲಿದ ಕೋಟು, ನೆಲದ ತುಂಬ ಬಟ್ಟೆಯ ಚೂರು. ಮಕ್ಕಳಾಗಲಿಲ್ಲ ಅವರಿಗೆ. ರಜೆಯ ದಿನ ನಾನು ಊಟಕ್ಕೆ ಹೋದರೆ ಗಂಡ ಹೆಂಡತಿ ಇಬ್ಬರೂ ನನ್ನ ತಟ್ಟೆಗೇ ಬಡಿಸುತ್ತ ಕೂರುವರು. ಅಕ್ಕನ ಕತ್ತರಿ ಡಬ್ಬಿಯಲ್ಲಿ ನಮ್ಮ ಅಮ್ಮನ ಕಾಲದ ಒಂದು ಸ್ಟೀಲಿನ ಚಿಮಟ ಇತ್ತು. ತುದಿಗೆ ಸಣ್ಣ ಹಲ್ಲುಗಳಿದ್ದದ್ದು. ನಾನು ಚಿಕ್ಕವಳಿದ್ದಾಗ ನನ್ನ ಕಾಲಿನ ಮುಳ್ಳು ತೆಗೆಯುತ್ತಿದ್ದುದು ಅದರಲ್ಲೇ. ಅಕ್ಕ ಅದಕ್ಕೆ ಕೆಂಪು ದಾರ ಸುತ್ತಿ, ಹೊಲಿದ ಮೇಲೆ ಉಳಿಯುವ ಕಚ್ಚಾ ಹೊಲಿಗೆಯ ಟಾಕಿನ ದಾರಗಳನ್ನು ಕೀಳಲು ಇಟ್ಟುಕೊಂಡಿದ್ದಳು.

ಒಂದು ರಜೆಯ ದಿನ ಅಕ್ಕ ಭಾವನಿಗೆ ಅರ್ಧ ಲೋಟ ಚಹಾ ತಂದುಕೊಟ್ಟಳು. ನನಗೆ ಮಾತ್ರ ತುಂಬಿದ ಲೋಟ.

"ಏನಕ್ಕ, ಕಟ್ಟಿಕೊಂಡ ಗಂಡನಿಗೂ ಅರ್ಧ ಲೋಟನಾ? ಇಷ್ಟು ಜಿಪುಣಿ ಯಾವಾಗ ಆದೆ?"

"ಅವರಿಗೆ ಅಷ್ಟೇ ಸಾಕಂತೆ," ಎಂದು ಅಕ್ಕ ಒಳಗೆ ಹೋದಳು. ಭಾವ ನಕ್ಕರು. ಅವರ ಅಂಗಿಯ ಗುಂಡಿಗಳೆಲ್ಲ ಹೋಗಿ ಪ್ಲಾಸ್ಟಿಕ್ಕಿನ ಟಿಚ್ ಬಟನ್ನುಗಳು ಬಂದಿದ್ದನ್ನೂ ಅವತ್ತೇ ನೋಡಿದೆ. ದರ್ಜಿ ಹೆಂಡತಿಯ ಹೊಸ ಫ್ಯಾಷನ್ ಇರಬೇಕು ಎಂದುಕೊಂಡು ಸುಮ್ಮನಾದೆ.

ಇದಾಗಿ ಸ್ವಲ್ಪ ಕಾಲಕ್ಕೆ ಆ ಸುದ್ದಿ ಬಂತು. ಭಾವನ ಹೊಸ ಬಿಲ್ಲೆಗಳನ್ನು ಅಳೆದ ಕಾಂತಮಾಪಕದ ಹುಡುಗಿ ಓಣಿಯಲ್ಲಿ ಓಡಿಕೊಂಡು ಬಂದು, ಏದುಸಿರು ಬಿಡುತ್ತ ಮಾಪಕ ಗೆರೆ ಎಳೆದ ಕಾಗದ ತೋರಿಸಿದಳು. ಮಾಮೂಲು ಬಿಸಿಯಲ್ಲಿ, ಆಯಸ್ಕಾಂತ ದೂರ ಸರಿಸಿದ ಮೇಲೂ, ಬಿಲ್ಲೆ ಕಾಂತಗುಣ ಬಿಟ್ಟುಕೊಟ್ಟಿರಲಿಲ್ಲ. ಒಂದು ಬಿಲ್ಲೆಯಲ್ಲ, ಆ ಹರಳಿನಿಂದ ಸೀಳಿದ ಎಲ್ಲವೂ ಹಾಗೇ. ಭಾವ ಕಾಗದವನ್ನು ಮೇಜಿನ ಮೇಲಿಟ್ಟು, ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡು, ತುಂಬ ಹೊತ್ತು ಆ ಗೆರೆಯನ್ನೇ ನೋಡಿದರು. ಕಣ್ಣು ಒದ್ದೆಯಾಗಿತ್ತು. ನನಗಂತೂ ಛೇಡಿಸಲು ಒಂದು ಮಾತೂ ಹೊಳೆಯಲಿಲ್ಲ.

ನಮ್ಮ ಮುಖ್ಯಸ್ಥೆ, ನಾವೆಲ್ಲ ಮೇಡಂ ಎನ್ನುತ್ತಿದ್ದವರು, ದುಡುಕುವ ಜನವಲ್ಲ. "ಬೆಳಕೂ ಹೌದು ಅನ್ನಲಿ, ಆಮೇಲೆ ಹೊರಗೆ ಹೇಳೋಣ," ಎಂದರು. ಆದರೆ ಅವರ ಮುಖವೂ ಅರಳಿತ್ತು. ಭಾವನ ನಿವೃತ್ತಿ ಹತ್ತಿರ ಬಂದಿತ್ತು, ಅವರ ನಂತರ ಕುಲುಮೆ ಕೋಣೆಯನ್ನು ಮುಚ್ಚುವುದೆಂದು ಮಾತಾಗಿತ್ತು. ಈ ಬಿಲ್ಲೆ ನಿಜವಾದರೆ ಕೋಣೆಯೂ ಉಳಿಯುತ್ತದೆ, ಭಾವನೂ ಉಳಿಯುತ್ತಾರೆ ಎಂದು ಅವರೇ ಬಾಯಿಬಿಟ್ಟು ಹೇಳಿದರು. ನಿಜವೋ ಸುಳ್ಳೋ ಎಂದು ಹೇಳಬೇಕಾದವಳು ನಾನು.

ಯಾಕೆ ಬೆಳಕನ್ನು ಕೇಳಬೇಕು ಎಂದರೆ, ಕಾಂತಮಾಪಕ ಒಂದು ತಕ್ಕಡಿ ಇದ್ದ ಹಾಗೆ. ಚೀಲದ ತೂಕ ಹೇಳುತ್ತದೆ, ಒಳಗಿರುವುದು ಅಕ್ಕಿಯೋ ಕಲ್ಲೋ ಹೇಳುವುದಿಲ್ಲ. ಬೆಳಕು ಹಾಗಲ್ಲ, ಅದು ಒಳಗೆ ಹೋಗಿ ಎಲೆಕ್ಟ್ರಾನನ್ನೇ ವಿಚಾರಿಸುತ್ತದೆ. ಬೆಳಕನ್ನು ಬಲಕ್ಕೆ ಸುತ್ತುವ ಹಾಗೂ ಮಾಡಬಹುದು, ಎಡಕ್ಕೆ ಸುತ್ತುವ ಹಾಗೂ ಮಾಡಬಹುದು. ಹರಳಿನ ಎಲೆಕ್ಟ್ರಾನ್‌ಗಳು ನಿಜವಾಗಿ ಒಂದೇ ಕಡೆ ಮುಖ ಮಾಡಿ ನಿಂತಿದ್ದರೆ ಅವು ಒಂದು ಬಗೆಯ ಬೆಳಕನ್ನು ಹೆಚ್ಚು ನುಂಗುತ್ತವೆ, ಇನ್ನೊಂದನ್ನು ಕಡಿಮೆ. ಮುಖಗಳು ಅಡ್ಡಾದಿಡ್ಡಿ ಇದ್ದರೆ ಎರಡನ್ನೂ ಸಮನಾಗಿ ನುಂಗುತ್ತವೆ.

ಬಿಲ್ಲೆಯನ್ನು ಹೀಲಿಯಮ್ಮಿನಲ್ಲಿ ತಣ್ಣಗೆ ಮಾಡಿ, ಆಯಸ್ಕಾಂತ ಹತ್ತಿರ ತಂದು ನೋಡಿದೆ. ವ್ಯತ್ಯಾಸ ಚೆನ್ನಾಗಿ ಕಾಣಿಸಿತು. ಮ್ಯಾಂಗನೀಸ್ ಒಳಗಿದೆ, ಎಲೆಕ್ಟ್ರಾನ್‌ಗಳು ಅದರ ಮಾತು ಕೇಳುತ್ತಿವೆ ಎಂದಾಯಿತು. ಬಿಸಿ ಏರಿಸುತ್ತ ಬಂದೆ. ವ್ಯತ್ಯಾಸ ಇಳಿಯುತ್ತ, ಇಳಿಯುತ್ತ, ಎಂದಿನ ಎಲ್ಲ ಹರಳುಗಳ ಹಾಗೆ ಸತ್ತೇ ಹೋಯಿತು. ಮಾಮೂಲು ಬಿಸಿಯಲ್ಲಿ ಬಲದ ಬೆಳಕೂ ಎಡದ ಬೆಳಕೂ ಒಂದೇ. ಲೇಸರ್ ಬದಲಿಸಿದೆ. ಕನ್ನಡಿಗಳನ್ನು ಒರೆಸಿ ಮತ್ತೆ ಜೋಡಿಸಿದೆ. ಬೇರೆ ಬಿಲ್ಲೆ ಹಾಕಿದೆ. ಬೆಳಕು ತನ್ನ ಮಾತು ಬದಲಿಸಲಿಲ್ಲ. ಹಾಗಾದರೆ ಕಾಂತಮಾಪಕಕ್ಕೆ ಸಿಕ್ಕ ಆಯಸ್ಕಾಂತ ಯಾವುದು? ಅದು ಹರಳಿನದಲ್ಲ. ಹೊರಗಿನಿಂದ ಬಂದದ್ದು.

ಬಿಲ್ಲೆಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟೆ. ಪ್ರತಿಯೊಂದರ ಅಂಚಿನಲ್ಲೂ ಒಂದು ಹಿಡಿತದ ಗುರುತು. ಸಣ್ಣ ಹಲ್ಲುಗಳ ಸಾಲು, ಆ ಸಾಲಿನುದ್ದಕ್ಕೂ ಕಪ್ಪು ಧೂಳು. ಪ್ಲಾಸ್ಟಿಕ್ ಚಿಮಟಕ್ಕೆ ಹಲ್ಲಿರುವುದಿಲ್ಲ. ಯಾವನೋ ಅಯೋಗ್ಯ ಭಾವನ ಬಿಲ್ಲೆಗೆ ಸ್ಟೀಲು ಮುಟ್ಟಿಸಿದ್ದಾನೆ, ಅವನ ಜನ್ಮ ಜಾಲಾಡಿಬಿಡುತ್ತೇನೆ ಎಂದುಕೊಂಡು ಎದ್ದೆ. ಕೋಪ ಬಂದರೆ ನನಗೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ. ಹೇರ್‌ಪಿನ್ನು ತೆಗೆದು ತಟ್ಟೆಗೆ ಹಾಕುವುದನ್ನೂ ಮರೆತು ಕುಲುಮೆ ಕೋಣೆಯ ಬಾಗಿಲು ತಳ್ಳಿದೆ.

ಭಾವ ನನಗೆ ಬೆನ್ನು ಹಾಕಿ ಮೇಜಿನ ಮೇಲೆ ಬಾಗಿದ್ದರು. ಬಲಗೈ ಗಡಗಡ ನಡುಗುತ್ತಿತ್ತು. ಅದರ ಮಣಿಕಟ್ಟನ್ನು ಎಡಗೈಯಿಂದ ಅದುಮಿ ಹಿಡಿದು ಬಿಲ್ಲೆಯೊಂದನ್ನು ಎತ್ತುತ್ತಿದ್ದರು. ಬೆರಳುಗಳ ನಡುವೆ ಕೆಂಪು ದಾರ ಕಾಣಿಸಿತು. ಅಮ್ಮನ ಚಿಮಟ.

"ಭಾವ," ಎಂದೆ.

ಅವರು ತಿರುಗಿ ನೋಡಿದರು. ಮೊದಲು ನನ್ನ ಮುಖ, ಆಮೇಲೆ ನನ್ನ ತಲೆಯ ಪಿನ್ನು. ಬೈಯಲಿಲ್ಲ. "ಬಾಗಿಲು ಹಾಕು," ಎಂದರು.

ಹಾಕಿದೆ.

"ಕೈ ಮಾತು ಕೇಳ್ತಾ ಇಲ್ಲಮ್ಮ. ಡಾಕ್ಟರು ಇದು ವಾಸಿ ಆಗೋದಲ್ಲ ಅಂದಿದ್ದಾರೆ. ಇಲ್ಲಿ ಗೊತ್ತಾದ್ರೆ ಕುಲುಮೆ ಹತ್ತಿರ ಬಿಡ್ತಾರಾ? ಕೊಳವೆ ಮುಚ್ಚೋದು, ಪುಡಿ ತೂಗೋದು ಎಲ್ಲ ಹೇಗೋ ಆಗುತ್ತೆ. ಈ ಬಿಲ್ಲೆ ಎತ್ತೋದೇ ಕಷ್ಟ. ಪ್ಲಾಸ್ಟಿಕ್ಕಿನದರಲ್ಲಿ ಹಿಡಿದ್ರೆ ಹಾರಿಹೋಗಿ ನೆಲದ ಮೇಲೆ ಚೂರು. ಎಷ್ಟು ಒಡೆದೆ ಅಂತೀಯ."

"ಈ ಚಿಮಟ?"

"ಒಂದಿನ ಮನೇಲಿ ಮಂಕಾಗಿ ಕೂತಿದ್ದೆ. ನಿಮ್ಮಕ್ಕ ಬಿಡಲಿಲ್ಲ, ಕೇಳಿ ಕೇಳಿ ಬಾಯಿ ಬಿಡಿಸಿದ್ಲು. ಮಾರನೇ ದಿನ ಊಟದ ಡಬ್ಬಿ ಜೊತೆ ಇದನ್ನ ಕೊಟ್ಟಳು. ಇದು ಸ್ಟೀಲಲ್ವಾ, ನಿಮ್ಮ ಕೆಲಸಕ್ಕೆ ನಡೆಯುತ್ತೇನ್ರೀ ಅಂತ ಕೇಳಿಯೇ ಕೊಟ್ಟಳು ಪಾಪ. ನಡೆಯುತ್ತೆ, ಸ್ಟೀಲಿಗೆ ಲೆಕ್ಕ ಇಲ್ಲ ಅಂದೆ."

"ಹಾಗ್ಯಾಕಂದ್ರಿ ಭಾವ?" ನನ್ನ ದನಿ ಏರಿತ್ತು. "ನನ್ನ ಹೇರ್‌ಪಿನ್ನು ಬಿಡದವರು ನೀವು."

"ಅವಳ ಮುಖ ನೋಡಬೇಕಿತ್ತು ನೀನು. ಇಷ್ಟು ವರ್ಷದಲ್ಲಿ ನನ್ನ ಕೆಲಸಕ್ಕೆ ಅವಳು ಏನಾದ್ರೂ ಕೊಟ್ಟದ್ದು ಅದೊಂದೇ. ಬೇಡ ಅನ್ನೋಕೆ ಆಗಲಿಲ್ಲ. ಎರಡು ದಿನ ಜೇಬಲ್ಲೇ ಇಟ್ಟಿದ್ದೆ. ಮೂರನೇ ದಿನ ಇನ್ನೊಂದು ಬಿಲ್ಲೆ ಒಡೀತು, ತೆಗೆದೆ. ಸ್ಪಿರಿಟ್‌ನಲ್ಲಿ ತೊಳೀತಾನೇ ಇದ್ದೆ. ಆಸಿಡ್‌ನಲ್ಲಿ ತೊಳೆಯೋಣ ಅಂದ್ರೆ ಬಿಲ್ಲೇನೇ ಕರಗಿಹೋಗುತ್ತೆ."

"ಮಾಪಕ ಆ ಗೆರೆ ತೋರಿಸಿದಾಗ ನಿಮಗೆ ಅನುಮಾನ ಬರಲಿಲ್ವಾ?"

ಭಾವ ಸ್ಟೂಲಿನ ಮೇಲೆ ಕೂತರು. "ಬಂತು. ಆದ್ರೆ ಗೆರೆ ನೋಡಿದ ಮೇಲೆ ಚಿಮಟ ನೆನಪು ಮಾಡ್ಕೊಳ್ಳೋಕೆ ಮನಸ್ಸೇ ಬರಲಿಲ್ಲ. ಇದು ಹರಳಿಂದೇ ಇರಬೇಕು, ಇಷ್ಟು ವರ್ಷದ ಮೇಲೆ ಯಾಕಿರಬಾರದು ಅಂತ ನನಗೆ ನಾನೇ ಹೇಳ್ಕೊಂಡೆ." ಚಿಮಟವನ್ನು ಮೇಜಿನ ಮೇಲಿಟ್ಟರು. "ನಿನ್ನ ಬೆಳಕು ಏನು ಹೇಳಿತು?"

"ಏನೂ ಹೇಳಲಿಲ್ಲ ಭಾವ."

ಅವರು ಅತ್ತುಬಿಟ್ಟರು. ನನ್ನ ಭಾವ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಡುಗುವ ಕೈಯಲ್ಲಿ ಕಣ್ಣೊರೆಸಿಕೊಳ್ಳಲು ಹೋದರು, ಕೈ ಕೆನ್ನೆಗೆ ತಾಗದೆ ಕಿವಿಗೆ ತಾಗಿತು. ನನಗೆ ಅದನ್ನು ನೋಡಲಾಗಲಿಲ್ಲ. ಕುಲುಮೆಯ ಕಡೆ ತಿರುಗಿ ನಿಂತೆ.

ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದರು. "ಇನ್ನೊಂದು ಹರಳು ಬೆಳೆಸ್ತೀನಿ. ಇದೇ ಹದ, ಇದೇ ಶಾಖ. ಕಬ್ಬಿಣ ಸೋಕಿಸದೆ. ಹರಳಿನಲ್ಲೂ ಒಂದು ಚೂರು ನಿಜ ಇದ್ರೆ ಆಗ ಗೊತ್ತಾಗುತ್ತೆ. ಬಿಲ್ಲೆ ಎತ್ತೋದು ಮಾತ್ರ ನೀನು."

ಮೇಡಂಗೆ ನನ್ನ ಅಳತೆ ಇನ್ನೂ ಮುಗಿದಿಲ್ಲ ಎಂದು ಹೇಳಿ ಸಮಯ ಕೇಳಿಕೊಂಡೆ. ಅದು ಸುಳ್ಳೂ ಆಗಿರಲಿಲ್ಲ. ಆ ಹರಳು ಬೆಳೆಯುವಷ್ಟು ಕಾಲವೂ, ರಜೆಯ ದಿನ ಊಟಕ್ಕೆ ಹೋದರೆ ಅಕ್ಕ ಕುಣಿದಾಡುತ್ತಿದ್ದಳು. ಕೋಣೆ ಉಳಿಯುತ್ತದಂತೆ, ಇವರ ಹೆಸರು ಎಲ್ಲ ಕಡೆ ಬರುತ್ತದಂತೆ ಎಂದು ಪಕ್ಕದ ಮನೆಯವರಿಗೆಲ್ಲ ಹೇಳಿಯಾಗಿತ್ತು. ಭಾವನಿಗೆ ಹೊಸ ಕೋಟು ಹೊಲಿಯುತ್ತಿದ್ದಳು. ಭಾವ ತೋಳು ಚಾಚಿ ನಿಂತು ಅಳತೆ ಕೊಡುತ್ತಿದ್ದರು, ನನ್ನ ಕಡೆ ಮಾತ್ರ ನೋಡುತ್ತಿರಲಿಲ್ಲ.

ಹರಳನ್ನು ಸೀಳಿದ ದಿನ ನಾನು ಪಿನ್ನು, ಗಡಿಯಾರ, ಓಲೆ ಎಲ್ಲ ತೆಗೆದಿಟ್ಟು ಒಳಗೆ ಹೋದೆ. ಪ್ಲಾಸ್ಟಿಕ್ ಚಿಮಟ ನನ್ನ ಕೈಯಲ್ಲಿ, ಕಣ್ಣು ಅವರದು.

"ಅಂಚು ಹಿಡಿಯಬೇಡ, ಅಡಿಗೆ ತೂರಿಸು. ಹಾಂ. ಎತ್ತು. ಉಸಿರು ಬಿಡಬೇಡ ಈಗ."

"ಉಸಿರು ಬಿಡದೆ ಸಾಯಲಾ?"

"ಬಿಲ್ಲೆ ಇಟ್ಟ ಮೇಲೆ ಸಾಯಿ."

ಇಬ್ಬರೂ ನಕ್ಕೆವು. ಆ ಕೋಣೆಯಲ್ಲಿ ನಾವು ನಕ್ಕದ್ದು ಅದೇ ಕೊನೆ. ಬಿಲ್ಲೆಗಳನ್ನು ನಾನೇ ಕಾಂತಮಾಪಕಕ್ಕೆ ಒಯ್ದು ಕೊಟ್ಟೆ. ಭಾವ ಪಕ್ಕದಲ್ಲಿ ನಿಂತಿದ್ದರು. ಗೆರೆ ಒಂದು ಕಡೆಯಿಂದ ಹೋಯಿತು, ಅದೇ ದಾರಿಯಲ್ಲಿ ವಾಪಸು ಬಂತು. ಆಯಸ್ಕಾಂತ ದೂರವಾದ ಕೂಡಲೇ ಬಿಲ್ಲೆ ಎಲ್ಲವನ್ನೂ ಮರೆತಿತ್ತು. ಎರಡನೆಯ ಬಿಲ್ಲೆ, ಮೂರನೆಯದು, ಎಲ್ಲವೂ ಅಷ್ಟೇ. ಭಾವ ಮಾಪಕದ ಹುಡುಗಿಗೆ ಥ್ಯಾಂಕ್ಸ್ ಹೇಳಿ ಹೊರಗೆ ನಡೆದರು.

ಅವರು ಸೀದಾ ಮೇಡಂ ಕೋಣೆಗೆ ಹೋದರು. ನಾನೂ ಹಿಂದೆಯೇ ಹೋದೆ. ಅಲ್ಲಿಯವರೆಗೆ ಯಾರ ಮುಂದೆಯೂ ಜೇಬಿನಿಂದ ತೆಗೆಯದ ಕೈಗಳನ್ನು ಅವರ ಮೇಜಿನ ಮೇಲಿಟ್ಟರು. ಮೇಜಿನ ಮೇಲಿದ್ದ ಪೆನ್ನು ಸದ್ದು ಮಾಡತೊಡಗಿತು.

"ಸ್ಟೀಲಿನ ಚಿಮಟ ಬಳಸಿದೆ ಮೇಡಂ. ತಪ್ಪು ನನ್ನದೇ, ಬೇರೆ ಯಾರದೂ ಅಲ್ಲ. ಹರಳಿನಲ್ಲಿ ಏನೂ ಇಲ್ಲ."

ಮೇಡಂ ಬೈದಿದ್ದರೆ ಒಳ್ಳೆಯದಿತ್ತು. ಅವರು ಆ ಕೈಗಳನ್ನೇ ನೋಡುತ್ತ, "ಮುಂಚೇನೇ ಹೇಳಿದ್ರೆ ಜೊತೆಗೆ ಯಾರನ್ನಾದ್ರೂ ಹಾಕ್ತಿದ್ದೆನಲ್ಲ," ಎಂದರು, ತೀರ ಮೆತ್ತಗೆ. ಭಾವ ಕೈಗಳನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಕೋಣೆ ಮುಚ್ಚುವುದು ಅವತ್ತೇ ಗಟ್ಟಿಯಾಯಿತು.

ಕಟ್ಟಡದ ಹಿಂದೆ ಹೀಲಿಯಮ್ ಸಿಲಿಂಡರುಗಳನ್ನು ಇಡುವ ಕಡೆ ಒಂದು ಕಲ್ಲುಬೆಂಚು ಇದೆ. ಅಲ್ಲಿ ಕೂತೆವು.

"ಮನೇಲಿ ಏನು ಹೇಳ್ತೀರಿ?" ಎಂದು ಕೇಳಿದೆ.

"ಬೆಳಕು ಒಪ್ಪಲಿಲ್ಲ ಅಂತ ಹೇಳ್ತೀನಿ."

"ಅಂದ್ರೆ ನಾನು."

"ಹೌದಮ್ಮ, ನೀನು." ಅವರು ಜೇಬಿನಿಂದ ಚಿಮಟ ತೆಗೆದು ಅದರ ಕೆಂಪು ದಾರವನ್ನು ಸವರಿದರು. "ಚಿಮಟದ ವಿಷಯ ಅವಳಿಗೆ ಯಾವತ್ತೂ ಗೊತ್ತಾಗಬಾರದು. ಗೊತ್ತಾದ್ರೆ ಗಂಡನ ಕೆಲಸ ನಾನೇ ಕೆಡಿಸಿದೆ ಅಂತ ಒಳಗೊಳಗೇ ಸಾಯ್ತಾಳೆ. ನಿನ್ನ ಮೇಲೆ ಕೋಪ ಮಾಡ್ಕೋತಾಳೆ, ಮಾಡ್ಕೊಳ್ಳಲಿ. ನೀನು ತಡ್ಕೋತೀಯ. ಅವಳಿಗೆ ಅವಳ ಮೇಲೇ ಕೋಪ ಬಂದ್ರೆ ಸಮಾಧಾನ ಮಾಡೋಕೆ ನಾನು ಜಾಸ್ತಿ ದಿನ ಇರಲ್ಲ."

ನನಗೆ ರೇಗಿತು. ಎಲ್ಲರ ಪಾಲಿನದೂ ನನ್ನ ತಲೆಗೇ ಯಾಕೆ ಎಂದು ಕೇಳಬೇಕೆನಿಸಿತು. ಅವರ ಕೈ ನೋಡಿ, "ಆಯ್ತು ಭಾವ," ಎಂದೆ.

ಅಕ್ಕ ಮುಂದಿನ ರಜೆಯ ದಿನದವರೆಗೂ ಕಾಯಲಿಲ್ಲ. ಮಾರನೆಯ ಸಂಜೆಯೇ ಬರಹೇಳಿದಳು. ನಾನು ಹೋದಾಗ ಹೊಸ ಕೋಟು ಗೋಡೆಗೆ ನೇತಾಡುತ್ತಿತ್ತು, ಒಂದು ತೋಳು ಇನ್ನೂ ಹಚ್ಚಿರಲಿಲ್ಲ. ಭಾವ ಮೂಲೆಯ ಕುರ್ಚಿಯಲ್ಲಿದ್ದರು. ಕೂತುಕೋ ಎಂದೂ ಅನ್ನದೆ ಅಕ್ಕ ಶುರು ಮಾಡಿದಳು.

"ಮಾಪಕ ಹೌದು ಅಂದಿತಂತಲ್ಲ. ಮೇಡಂ ಹೌದು ಅಂದ್ರಂತಲ್ಲ. ನಿನ್ನ ಹಾಳು ಬೆಳಕಿಗೇನಾಗಿತ್ತು?"

"ಬೆಳಕಿನಲ್ಲಿ ಕಾಣಲಿಲ್ಲ ಅಕ್ಕ."

"ಕಾಣಲಿಲ್ಲ ಅಂದ್ರೆ ಇಲ್ಲ ಅಂತಾನಾ? ನಿನಗೆ ನೋಡೋಕೆ ಬರಲಿಲ್ಲ ಅಂತ ಯಾಕಿರಬಾರದು? ಕೈ ಹೀಗಾಗಿದೆ ಅವರಿಗೆ. ಅಂಥ ಕೈಯಲ್ಲಿ ಬೆಳೆಸಿದ ಹರಳು ಅದು. ಒಂದು ಸಲ ಹೌದು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಈ ಮನೆ ಅನ್ನ ತಿಂದವಳಲ್ವೇನೇ ನೀನು?"

ಮಾತು ನಾಲಿಗೆಯ ತುದಿಗೆ ಬಂದಿತ್ತು. ಹುಟ್ಟಿದಾಗಿನಿಂದ ಯಾರಿಗೂ ಒಂದು ಮಾತು ಬಾಕಿ ಉಳಿಸಿದವಳಲ್ಲ ನಾನು. ಎರಡೇ ಮಾತು ಸಾಕಿತ್ತು, ಅವಳ ಬಾಯಿ ಮುಚ್ಚಿಹೋಗುತ್ತಿತ್ತು. ಭಾವ ಮೂಲೆಯಿಂದ ನನ್ನನ್ನೇ ನೋಡುತ್ತಿದ್ದರು. ಎರಡು ಕೈಗಳನ್ನೂ ತೊಡೆಗಳ ಅಡಿಯಲ್ಲಿ ಅದುಮಿಟ್ಟುಕೊಂಡಿದ್ದರು.

"ನನಗೆ ಸುಳ್ಳು ಹೇಳೋಕೆ ಬರಲ್ಲ ಅಕ್ಕ," ಎಂದೆ. ಆ ಮನೆಯಲ್ಲಿ ನಾನು ಹೇಳಿದ ದೊಡ್ಡ ಸುಳ್ಳು ಅದು.

"ಹೋಗು ಹಾಗಾದ್ರೆ," ಎಂದಳು.

ಅಲ್ಲಿಂದ ಅಕ್ಕ ನನ್ನೊಡನೆ ಮಾತು ಬಿಟ್ಟಳು. ಭಾವನಿಗಾಗಿ ನಾನು ಹೋಗುತ್ತಿದ್ದೆ. ಅವಳು ಬಾಗಿಲು ತೆಗೆದು ಒಳಕೋಣೆಗೆ ಹೋಗಿಬಿಡುವಳು, ಹೊಲಿಗೆ ಯಂತ್ರದ ಸದ್ದು ಬೇಕೆಂದೇ ಜೋರಾಗುತ್ತಿತ್ತು. ಭಾವನಿಗೆ ಕಾಯಿಲೆ ಕೈಯಿಂದ ಕಾಲಿಗಿಳಿಯಿತು, ಆಮೇಲೆ ನಾಲಿಗೆಗೂ ಬಂತು. ಮಾತು ತೊದಲುವ ಮುಂಚೆ ಒಮ್ಮೆ, ಬೇರೆ ಯಾವ ಊರಿನವರಾದರೂ ಅಂಥ ಹರಳು ಬೆಳೆಸಿದರಾ ಎಂದು ಕೇಳಿದರು. ಬೆಳೆಸಿದೆವು ಎಂದವರು ಒಬ್ಬಿಬ್ಬರಿದ್ದಾರೆ, ಬೆಳಕು ಇನ್ನೂ ಒಪ್ಪಿಲ್ಲ ಎಂದೆ. "ಚಿಮಟ ನೋಡಿಕೊಳ್ಳಿ ಅಂತ ಬರೆದುಹಾಕು ಅವರಿಗೆ," ಎಂದು ನಗಲು ಹೋದರು. ನಗು ಮುಖದ ಮೇಲೆ ಮೂಡಲಿಲ್ಲ, ಕಣ್ಣಿನಲ್ಲಿ ಮಾ‍ತ್ರ ಇತ್ತು. ಅದೇ ವರ್ಷ ತೀರಿಕೊಂಡರು. ತೋಳು ಹಚ್ಚಿ ಮುಗಿಸಿದ್ದ ಆ ಕೋಟನ್ನೇ ಅಕ್ಕ ಅವರಿಗೆ ತೊಡಿಸಿದಳು.

ಆಮೇಲೆ ಬಹಳ ಕಾಲ ನಾವಿಬ್ಬರೂ ಒಂದೇ ಊರಿನಲ್ಲಿದ್ದು ಪರಕೀಯರ ಹಾಗಿದ್ದೆವು. ಅಕ್ಕನ ಕಣ್ಣಿಗೆ ಪೊರೆ ಬಂದ ಮೇಲೆ ನಾನೇ ಹಟ ಹಿಡಿದು ಹೋಗತೊಡಗಿದೆ. ಬೈದರೆ ಬೈಸಿಕೊಂಡು, ಅಡುಗೆ ಮಾಡಿಟ್ಟು, ಸೂಜಿಗೆ ದಾರ ಪೋಣಿಸಿಕೊಟ್ಟು ಬರುತ್ತಿದ್ದೆ. ಬರಬರುತ್ತ ಬೈಗುಳ ಕಡಿಮೆಯಾಯಿತು. ಹೊಲಿಗೆ ಮಾತ್ರ ಅವಳು ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಕಿಟಕಿಯ ಬಳಿ ಕೂತು ಯಾರದೋ ಅಂಗಿಯ ಟಾಕಿನ ದಾರ ಕೀಳುತ್ತಿದ್ದಳು. ಕೈಯಲ್ಲಿ ಅದೇ ಚಿಮಟ. ಕೆಂಪು ದಾರ ಮಾಸಿ ಕಂದಾಗಿತ್ತು. ನಾನು ಅದನ್ನೇ ನೋಡುತ್ತಿರುವುದು ಅವಳಿಗೆ ಗೊತ್ತಾಯಿತು.

"ಇದು ಅವರ ಹತ್ತಿರಾನೇ ಇತ್ತು," ಎಂದಳು. "ಕೆಲಸ ಬಿಟ್ಟು ಬಂದ ದಿನ ನನ್ನ ಕೈಗೆ ಕೊಟ್ಟು ಏನಂದ್ರು ಗೊತ್ತಾ? ನೀನು ಇದನ್ನ ಕೊಡದೇ ಇದ್ದಿದ್ರೆ ನನಗೆ ಕೊನೆಯ ಹರಳು ಕೈಯಲ್ಲಿ ಹಿಡಿಯೋಕೇ ಆಗ್ತಿರಲಿಲ್ಲ ಅಂದ್ರು. ನೀವೆಲ್ಲ ಅಷ್ಟು ಓದಿದವರು ಇದ್ರಿ ಅವರ ಸುತ್ತ. ಯಾರಿಗಾದ್ರೂ ಅವರ ಕೈ ಕಂಡಿತ್ತಾ? ನನಗೆ ಕಂಡಿತು. ನಾನು ಕೊಟ್ಟದ್ದೇ ಅವರಿಗೆ ಆಸರೆ ಆಯ್ತು. ಅದೊಂದು ನೆನೆಸಿಕೊಂಡೇ ನಾನು ಇಷ್ಟು ವರ್ಷ ಕಳೆದೆ."

ಅಕ್ಕ ಚಿಮಟವನ್ನು ನನ್ನ ಕಡೆ ಚಾಚಿದಳು.

"ಹಿಡಿದು ನೋಡು. ಅಮ್ಮನ ಕಾಲದ್ದು, ಇವತ್ತಿಗೂ ಹಿಡಿತ ಸಡಿಲ ಆಗಿಲ್ಲ."

ತೆಗೆದುಕೊಂಡೆ. ತುದಿಯ ಹಲ್ಲುಗಳು ಸವೆದಿದ್ದವು. ಕಣ್ಣು ಮಂಜಾಗಿ ಸರಿಯಾಗಿ ಕಾಣಲಿಲ್ಲ. ಬೆರಳಿನಲ್ಲಿ ಒಮ್ಮೆ ಒತ್ತಿ ನೋಡಿದೆ.

"ಹೌದಕ್ಕ," ಎಂದೆ. "ಒಳ್ಳೆ ಹಿಡಿತ."

ಅಕ್ಕ ಚಿಮಟವನ್ನು ಇಸಿದುಕೊಂಡು ಮುಂದಿನ ದಾರ ಹುಡುಕತೊಡಗಿದಳು. ಅವಳಿಗೆ ಕಾಣುತ್ತಿರಲಿಲ್ಲ. ನಾನು ಅಂಗಿಯ ಅಂಚನ್ನು ಬೆಳಕಿಗೆ ಹಿಡಿದುಕೊಟ್ಟೆ.